ಕಂದು ಕೊಡುವ ಮುನ್ನ

ತುಳಸಿ ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ ಚಹಾ ಕೊಡುವ ಮೊದಲೇ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. "ಇದೊಂದು ನೋಡು ತಂಗೀ, ಬಾಳೆ ಮೇಲೆ ಏಳೋದೇ ಇಲ್ಲ. ಯಾರ್ದೋ ಕಣ್ಣು ಬಿದ್ದದೆ."

ಬಚ್ಚಲ ನೀರು ಹರಿದುಹೋಗುವಲ್ಲಿ ನಮ್ಮ ಮನೆಯ ಬಾಳೆ ಹಿಂಡು ಇದೆ. ನಾನು ಹುಟ್ಟುವುದಕ್ಕೂ ಮೊದಲಿನಿಂದ ಇದೆ. ಅದರ ಪಕ್ಕ ಹೊಸದಾಗಿ ನೆಟ್ಟ ಗಿಡ ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿತ್ತು. ಎಲೆಗಳು ಬಿಚ್ಚಿ ಬಾಗುವ ಬದಲು ಗಿಡ್ಡವಾಗಿ, ನೆಟ್ಟಗೆ, ಒಂದರ ಮೇಲೊಂದು ಒತ್ತಿಕೊಂಡು ತಲೆಕೆಳಗಾಗಿ ನಿಲ್ಲಿಸಿದ ಹಿಡಿಸೂಡಿಯಂತೆ ಕಾಣುತ್ತಿದ್ದವು. ಅಂಚು ಹಳದಿ. ಎಲೆಯನ್ನು ತಿರುಗಿಸಿ ದಿಂಡಿನ ಹತ್ತಿರ ಬೆಳಕಿಗೆ ಹಿಡಿದೆ. ಕಡುಹಸಿರು ಬಣ್ಣದ ಚುಕ್ಕೆ, ಗೆರೆ, ಚುಕ್ಕೆ, ಗೆರೆ. ಹಳೆಯ ತಂತಿ ಸಂದೇಶದ ಲಿಪಿಯ ಹಾಗೆ. ಪಾಠ ಮಾಡುವಾಗ ಪ್ರಾಧ್ಯಾಪಕರು ತೋರಿಸುವ ಚಿತ್ರದಲ್ಲೂ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ. ಬಂಚಿ ಟಾಪ್. ಪುಸ್ತಕದ ಕನ್ನಡದಲ್ಲಿ ಎಲೆಗುಚ್ಛ ರೋಗ. ಹಳೆಯ ಹಿಂಡಿನ ಎರಡು ಹೊಸ ಕಂದುಗಳಲ್ಲೂ ಅದೇ ಲಿಪಿ ಮೂಡಿತ್ತು.

ಯಾರ ಕಣ್ಣೂ ಬಿದ್ದಿರಲಿಲ್ಲ. ಆ ಗಿಡವನ್ನು ತಂದವಳು ನಾನೇ. ಮೇ ತಿಂಗಳಲ್ಲಿ ಕಾರವಾರ ತಾಲೂಕಿನ ತೊಡೂರಿನಲ್ಲಿರುವ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಹೊರಡುವಾಗ ಅವಳು ಎರಡು ಕಂದು ಕಿತ್ತು, ಬೇರಿನ ಮಣ್ಣು ಕೊಡವಿ, ಸಿಮೆಂಟ್ ಚೀಲಕ್ಕೆ ಹಾಕಿ ಕೊಟ್ಟಳು. ಅಮದಳ್ಳಿಯಲ್ಲಿ ಬಸ್ಸು ಹತ್ತಿ, ಹಾರವಾಡ, ಅವರ್ಸಾ ದಾಟಿ, ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಅಂಕೋಲೆಗೆ ಬಂದೆ. ನಾನು ಧಾರವಾಡದಲ್ಲಿ ಪಪ್ಪಾಯಿಯ ಉಂಗುರ ಮಚ್ಚೆ ವೈರಸ್ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ನಾಲ್ಕನೇ ವರ್ಷ. ಪ್ರಯೋಗಾಲಯದಲ್ಲಿ ಒಂದು ಎಲೆ ಮುಟ್ಟಿ ಇನ್ನೊಂದನ್ನು ಮುಟ್ಟುವ ಮೊದಲು ಕೈಗವಸು ಬದಲಿಸುತ್ತೇನೆ. ಆದರೆ ದೊಡ್ಡಮ್ಮ ಕೊಟ್ಟ ಕಂದನ್ನು ತಿರುಗಿಸಿ ನೋಡಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ. ಪ್ರೀತಿಯಿಂದ ಕೊಟ್ಟದ್ದನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ?

ಮಾಡಬೇಕು. ಇದಿಷ್ಟನ್ನೇ ನಾನು ಹೇಳಹೊರಟಿರುವುದು. ಇದನ್ನು ಹೇಳಿದರೆ ಯಾಕೆ ಎಲ್ಲರಿಗೂ ಸಿಟ್ಟು ಬರುತ್ತದೆ ಎನ್ನುವುದನ್ನೂ ಹೇಳಬೇಕಿದೆ.

ನಮ್ಮ ಜಿಲ್ಲೆಯವರು ಬರೆಯಲು ಕೂತರೆ ಒಮ್ಮೆಯಾದರೂ ಹಿತ್ತಲಿನ ಬಗ್ಗೆ ಬರೆಯುತ್ತಾರೆ. ಬೇಲಿಯ ಮೇಲಿಂದ ದಾಟಿ ಬರುವ ದಾಸವಾಳದ ಗೆಲ್ಲು, ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೆಂಡೆ ಬೀಜ, ತವರಿನಿಂದ ಬಂದ ಕೆಸುವಿನ ಗಡ್ಡೆ, ದುಡ್ಡಿಲ್ಲದ ಲೋಕದ ಕೊಡುಕೊಳ್ಳುವಿಕೆ. ನಾನೂ ಕಾಲೇಜಿನ ಭಿತ್ತಿಪತ್ರಿಕೆಗೆ ಅಂಥದ್ದೊಂದನ್ನು ಬರೆದಿದ್ದೆ, ಬಹುಮಾನವೂ ಬಂದಿತ್ತು. ಈ ಬರಹಗಳಲ್ಲೆಲ್ಲ ಹಿತ್ತಲು ಎಂದರೆ ಮುಗ್ಧ ಜಾಗ. ರೋಗ ಏನಿದ್ದರೂ ಹೊರಗಿನಿಂದ, ಪೇಟೆಯಿಂದ, ಕಂಪನಿ ಬೀಜದಿಂದ, ರಾಸಾಯನಿಕ ಗೊಬ್ಬರದಿಂದ ಬರುವಂಥದ್ದು. ಅಜ್ಜಿ ಕೊಟ್ಟದ್ದರಲ್ಲಿ ಕೇಡಿರಲು ಸಾಧ್ಯವಿಲ್ಲ.

ವೈರಸ್ಸಿಗೆ ಅಜ್ಜಿ ಯಾರು, ಕಂಪನಿ ಯಾರು ಎಂಬುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬೀಜ ಮತ್ತು ಕಂದು ಬೇರೆ ಬೇರೆ ಎಂಬುದು. ಸಸ್ಯ ವೈರಸ್ಸುಗಳಲ್ಲಿ ಹೆಚ್ಚಿನವು ಬೀಜದ ಮೂಲಕ ಮುಂದಿನ ತಲೆಮಾರಿಗೆ ದಾಟುವುದಿಲ್ಲ. ಬೀಜ ಒಂದು ಜರಡಿ ಇದ್ದ ಹಾಗೆ. ತಾಯಿಗಿಡದಲ್ಲಿ ಇದ್ದದ್ದರಲ್ಲಿ ಬಹುಪಾಲನ್ನು ಸೋಸಿಬಿಡುತ್ತದೆ. ಕಂದು, ಗಡ್ಡೆ, ಗೆಲ್ಲು ಜರಡಿಯಲ್ಲ. ಅವು ತಾಯಿಗಿಡದ್ದೇ ತುಂಡು. ತಾಯಿಯ ಮೈಯಲ್ಲಿ ಏನಿತ್ತೋ ಅದಷ್ಟೂ ಅವುಗಳಲ್ಲಿ ಇರುತ್ತದೆ. ನಮ್ಮ ಹಿತ್ತಲಲ್ಲಿ ಬೇಲಿ ದಾಟಿ ಬರುವುದೆಲ್ಲ ಹೆಚ್ಚಾಗಿ ಇಂಥದ್ದೇ: ಬಾಳೆ, ಕೆಸು, ಸುವರ್ಣಗಡ್ಡೆ, ಅರಿಶಿನ, ಕಾಳುಮೆಣಸಿನ ಬಳ್ಳಿ, ದಾಸವಾಳ.

ಬಾಳೆಯಲ್ಲಿ ಆಗುವುದು ಹೀಗೆ. ಬಾಳೆ ಹೇನು ಎಂಬ ಕಪ್ಪು-ಕಂದು ಬಣ್ಣದ ಸಣ್ಣ ಹುಳ ಗಿಡದ ಬುಡದಲ್ಲಿ, ಎಲೆಯ ತೊಟ್ಟು ದಿಂಡಿಗೆ ಸೇರುವ ಸಂದಿಯಲ್ಲಿ, ಬಿಚ್ಚದ ಸುಳಿಯೊಳಗೆ ಗುಂಪುಗುಂಪಾಗಿ ಕೂತು ರಸ ಹೀರುತ್ತದೆ. ಅದು ಸುರಿಸುವ ಸಿಹಿಗೆ ಇರುವೆಗಳು ಬರುತ್ತವೆ. ದನ ಕಾಯುವವರ ಹಾಗೆ ಹೇನನ್ನು ಕಾಯುತ್ತವೆ. ರೋಗದ ಗಿಡದಲ್ಲಿ ಕೆಲವು ಗಂಟೆ ಹೀರಿದ ಹೇನು ಮುಂದೆ ವಾರಗಟ್ಟಲೆ, ಹೋದ ಗಿಡಕ್ಕೆಲ್ಲ ವೈರಸ್ ಹಂಚುತ್ತದೆ. ಆದರೆ ಹೇನು ಹಾರಿ ಹಾರಿ ಎಷ್ಟು ದೂರ ಹೋದೀತು? ಹಿತ್ತಲಿಂದ ಹಿತ್ತಲಿಗೆ. ತೊಡೂರಿನಿಂದ ಅಂಕೋಲೆಗೆ ಅದು ಹಾರುವುದಿಲ್ಲ, ಬಸ್ಸಿನಲ್ಲಿ ಬರುತ್ತದೆ. ಸೋಂಕು ತಗುಲಿದ ಗಿಡದಲ್ಲಿ ಲಕ್ಷಣ ಕಾಣಿಸಿಕೊಳ್ಳಲು ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಳೇ ಬೇಕು. ಆ ಅವಧಿಯಲ್ಲಿ ಕಿತ್ತ ಕಂದು ಕಣ್ಣಿಗೆ ಚೆನ್ನಾಗಿಯೇ ಇರುತ್ತದೆ. ನನ್ನ ಚೀಲದಲ್ಲಿದ್ದದ್ದು ಅಂಥದ್ದೋ, ಅಥವಾ ಗೆರೆ ಆಗಲೇ ಇತ್ತು, ನಾನೇ ನೋಡಲಿಲ್ಲವೋ, ಈಗ ಹೇಳಲು ಬರುವುದಿಲ್ಲ. ಎರಡನೆಯದೇ ಇರಬಹುದು ಎಂದು ರಾತ್ರಿ ಮಲಗಿದಾಗ ಅನಿಸುತ್ತದೆ.

ಇದೇನೂ ಹೊಸ ಕಥೆಯಲ್ಲ. 1889ರಲ್ಲಿ ಫಿಜಿಯಲ್ಲಿ ಈ ರೋಗ ದಾಖಲಾಯಿತು. ಅಲ್ಲಿಂದ ಕಂದಿನ ಜೊತೆ ಆಸ್ಟ್ರೇಲಿಯಾಕ್ಕೆ ಹೋಗಿ 1920ರ ದಶಕದ ನಡುವಿನಲ್ಲಿ ಅಲ್ಲಿನ ಬಾಳೆ ತೋಟಗಳನ್ನು ಹೆಚ್ಚುಕಡಿಮೆ ಮುಗಿಸಿಯೇಬಿಟ್ಟಿತ್ತು. ಮ್ಯಾಗೀ ಎಂಬ ತರುಣ ವಿಜ್ಞಾನಿ ಹೇನು ಮತ್ತು ಕಂದು ಎರಡೇ ಇದರ ದಾರಿ ಎಂದು ತೋರಿಸಿದ. ಔಷಧಿ ಇಲ್ಲ, ರೋಗದ ಗಿಡ ಕಿತ್ತುಹಾಕುವುದು, ಕಂದು ಸಾಗಿಸುವುದನ್ನು ತಡೆಯುವುದು, ಇಷ್ಟೇ. ನನ್ನ ಗಮನ ಸೆಳೆದದ್ದು ಆಸ್ಟ್ರೇಲಿಯಾದವರ ಇನ್ನೊಂದು ನಡೆ. ಅವರು ಹಿತ್ತಲಿಗೆ ವಿನಾಯಿತಿ ಕೊಡಲಿಲ್ಲ. ಕ್ವೀನ್ಸ್‌ಲ್ಯಾಂಡಿನಲ್ಲಿ ಮನೆಯ ಹಿಂದೆ ನಾಲ್ಕು ಬಾಳೆ ನೆಡುವುದಕ್ಕೂ ಬಹುಕಾಲ ಪರವಾನಗಿ ಬೇಕಿತ್ತು. ನಮ್ಮಲ್ಲಿ 1940ರ ಸುಮಾರಿಗೆ ಶ್ರೀಲಂಕಾದಿಂದ ಕೇರಳಕ್ಕೆ ಬಂದ ರೋಗ ಮುಂದೆ ತಮಿಳುನಾಡಿನ ಪಳನಿ ಬೆಟ್ಟದ ವಿರೂಪಾಕ್ಷಿ ಬಾಳೆಯನ್ನು ಬಹುತೇಕ ನುಂಗಿತು. ರೋಗ ಇರುವ ರಾಜ್ಯಗಳಿಂದ ಕಂದು ಹೊರಗೆ ಸಾಗಿಸಬಾರದೆಂಬ ಕೇಂದ್ರ ಸರ್ಕಾರದ ಆದೇಶವೇನೋ ಬಂತು. ಸಿಮೆಂಟ್ ಚೀಲವನ್ನು ಯಾವ ಆದೇಶ ತಡೆಯುತ್ತದೆ?

ಅಷ್ಟು ದೂರ ಯಾಕೆ, ನಮ್ಮದೇ ಘಟ್ಟದ ಮೇಲಿನವರಿಗೆ ಇದು ಗೊತ್ತಿತ್ತು. ಏಲಕ್ಕಿಗೆ ಬರುವ ಕಟ್ಟೆ ರೋಗ ಉತ್ತರ ಕನ್ನಡದಲ್ಲಿದೆ ಎಂದು 1900ರಲ್ಲೇ ದಾಖಲಾಗಿದೆ. ಅದು ವೈರಸ್ ರೋಗ, ಬಾಳೆ ಹೇನಿನ ಒಡಹುಟ್ಟೇ ಅದನ್ನು ಹಬ್ಬಿಸುವುದು ಎಂದು ಮುಂಬೈ ಪ್ರಾಂತ್ಯದ ವಿಜ್ಞಾನಿಗಳಾದ ಉಪ್ಪಲ್, ವರ್ಮ, ಕಪೂರ್ 1945ರಲ್ಲಿ ಹೇಳಿದರು. ಅದೇ ಏಲಕ್ಕಿಗೆ ಬರುವ ಇನ್ನೊಂದು ರೋಗದ ಹೆಸರು ಕೊಕ್ಕೆ ಕಂದು. ಜಗತ್ತಿನ ಯಾವ ದೇಶದ ಸಂಶೋಧನಾ ಪತ್ರಿಕೆ ತೆರೆದರೂ ಈ ಎರಡು ರೋಗಗಳಿಗೆ ಕಟ್ಟೆ, ಕೊಕ್ಕೆ ಕಂದು ಎಂದೇ ಬರೆದಿರುತ್ತಾರೆ. ತೋಟದಲ್ಲಿ ಬಗ್ಗಿ ನಿಂತು ಎಳೆಯ ಚಿಗುರು ಕೊಕ್ಕೆಯಂತೆ ಬಾಗಿದ್ದನ್ನು ಮೊದಲು ಕಂಡವರು ನಮ್ಮವರು, ಹೆಸರಿಟ್ಟವರು ನಮ್ಮವರು. ರೋಗ ಕಂಡ ಗಿಡವನ್ನು ಕಿತ್ತು ಸುಡಬೇಕೆಂದು ಅವರಿಗೆ ಯಾರೂ ಕವಿತೆ ಓದಿ ಹೇಳಬೇಕಿರಲಿಲ್ಲ. ಏಲಕ್ಕಿ ದುಡ್ಡಿನ ಬೆಳೆ, ಅದಕ್ಕೇ ಕಣ್ಣು ತೆರೆದಿತ್ತು. ಹಿತ್ತಲಿನ ಬಾಳೆಗೆ ಲೆಕ್ಕವಿಲ್ಲ, ಹಾಗಾಗಿ ಕಣ್ಣೂ ಇಲ್ಲ.

ಈ ದೂರು ಮೊದಲು ಸಲ್ಲಬೇಕಾದ್ದು ನನ್ನಂಥವರಿಗೇ. ನಾವು ಸಮೀಕ್ಷೆಗೆ ಹೊರಡುವಾಗ ಹಿಡಿದುಕೊಂಡು ಹೋಗುವ ನಮೂನೆಯಲ್ಲಿ ಮೊದಲ ಪ್ರಶ್ನೆಯೇ ಎಷ್ಟು ಎಕರೆ ಎಂಬುದು. ಎಕರೆ ಇಲ್ಲದವರ ಗಿಡ ನಮ್ಮ ಕೋಷ್ಟಕಕ್ಕೆ ಸೇರುವುದಿಲ್ಲ. ನನ್ನ ಪಪ್ಪಾಯಿ ಮಾದರಿಗಳೆಲ್ಲ ಬಯಲುಸೀಮೆಯ ದೊಡ್ಡ ತೋಟಗಳವು. ಅಂಕೋಲೆಯ ಬಸ್ ನಿಲ್ದಾಣದ ಹತ್ತಿರ ಹಾಲಕ್ಕಿ ಹೆಂಗಸರು ತಂದು ಮಾರುವ ಬೆಂಡೆ, ಮೊಗೆಕಾಯಿ, ಹರಿವೆಯನ್ನು ತಿಂದು ಬೆಳೆದವಳು ನಾನು. ಬೆಂಡೆಯ ಹಳದಿ ನರ ರೋಗವನ್ನು ಮೊದಲು ವರದಿ ಮಾಡಿದ್ದು 1924ರಲ್ಲಿ, ಆಗ ಕಾರವಾರವೂ ಸೇರಿದ್ದ ಮುಂಬೈ ಪ್ರಾಂತ್ಯದಲ್ಲಿ. ನೂರು ವರ್ಷ ಆಯಿತು. ಆ ಹೆಂಗಸರಲ್ಲಿ ಒಬ್ಬರನ್ನಾದರೂ ಕೂರಿಸಿಕೊಂಡು, ನಿಮ್ಮ ಗಿಡದ ಎಲೆಯ ನರ ಹಳದಿಯಾಗುವುದು ನೀರು ಕಡಿಮೆಯಾಗಿ ಅಲ್ಲ, ಬಿಳಿನೊಣದಿಂದ, ಮೊದಲು ಕಂಡ ಗಿಡವನ್ನು ಅವತ್ತೇ ಕೀಳಿ ಎಂದು ನಾನು ಹೇಳಿದ್ದೇನೆಯೇ? ಇಲ್ಲ. ಚೌಕಾಶಿ ಮಾಡಿದ್ದೇನೆ.

ಇನ್ನು ಹೇಳಿಕೊಡುವವರು ಹೇಳುವುದಾದರೂ ಏನು? ಗಿಡ ಸೊರಗಿತೆಂದು ಅಂಗಡಿಗೆ ಹೋದರೆ ಒಂದು ಬಾಟಲಿ ಔಷಧಿ ಕೊಡುತ್ತಾರೆ. ಪಪ್ಪಾಯಿಯ ಉಂಗುರ ಮಚ್ಚೆ ವೈರಸ್ಸನ್ನು ಹೇನು ದಾಟಿಸಲು ಕೆಲವೇ ಕ್ಷಣ ಸಾಕು. ಔಷಧಿ ತಾಗಿ ಅದು ಸಾಯುವ ಹೊತ್ತಿಗೆ ಚುಚ್ಚಿ ಆಗಿರುತ್ತದೆ. ಇನ್ನೊಂದು ಉಪದೇಶ, ಕತ್ತಿಯನ್ನು ತೊಳೆಯಿರಿ ಎಂಬುದು. ಒಳ್ಳೆಯ ಅಭ್ಯಾಸ, ಬೇರೆ ಕೆಲವು ರೋಗಗಳಿಗೆ ಅಗತ್ಯ. ಆದರೆ ಬಂಚಿ ಟಾಪ್ ಕತ್ತಿಯಿಂದ ಹಬ್ಬುವುದೇ ಇಲ್ಲ. ಕತ್ತಿ ತೊಳೆದು, ರೋಗದ ಕಂದನ್ನು ನೆರೆಮನೆಗೆ ಕೊಟ್ಟರೆ ಏನು ಬಂತು? ಯಾವ ವೈರಸ್ ಯಾವ ದಾರಿಯಲ್ಲಿ ಬರುತ್ತದೆ ಎಂದು ಹೇಳದೆ ಕೊಡುವ ಸಲಹೆ ದೃಷ್ಟಿ ತೆಗೆಯುವುದಕ್ಕಿಂತ ಹೆಚ್ಚಿನದೇನಲ್ಲ.

ಕತ್ತಿಯಿಂದಲೇ ಹಬ್ಬುವುದೂ ಉಂಟು. ದೊಡ್ಡಮ್ಮನ ಮಗಳು ಮಿನೆಸೋಟಾದಲ್ಲಿದ್ದಾಳೆ. ಅಲ್ಲಿನ ಮನೆಗಳ ನೆರಳಿನಲ್ಲಿ ಹೋಸ್ಟಾ ಎಂಬ ಅಗಲ ಎಲೆಯ ಗಿಡ ಬೆಳೆಸುತ್ತಾರೆ. ಚಳಿಗಾಲದಲ್ಲಿ ಸತ್ತಂತೆ ಮಲಗಿ ವಸಂತದಲ್ಲಿ ಏಳುವ ಗಿಡ, ನಮ್ಮ ಕರಾವಳಿಯಲ್ಲಿ ಬದುಕುವುದಿಲ್ಲ. ಒಂದು ದಿನ ವಾಟ್ಸಾಪಿನಲ್ಲಿ ಫೋಟೋ ಕಳಿಸಿ, "ಅಕ್ಕಾ, ನೆರೆಯವರು ಬುಡ ಸೀಳಿ ಕೊಟ್ಟರು, ಎಲೆ ಮೇಲೆ ಶಾಯಿ ಹರಡಿದ ಹಾಗೆ ಡಿಸೈನ್ ಇದೆ, ಅಪರೂಪದ್ದಂತೆ" ಎಂದಳು. ಅಪರೂಪದ್ದೇನಲ್ಲ. ಅದು ಹೋಸ್ಟಾ ವೈರಸ್ ಎಕ್ಸ್ ಇದ್ದಂತೆ ಕಾಣುತ್ತಿತ್ತು. 1996ರಲ್ಲಿ ಅವಳದೇ ರಾಜ್ಯದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಅದನ್ನು ಗುರುತಿಸಿದ್ದು. ಅದನ್ನು ಹಬ್ಬಿಸುವ ಹುಳ ಯಾವುದೂ ಇಲ್ಲ. ಗಿಡ ಸೀಳುವ ಚಾಕು, ಎಲೆ ಚಿವುಟುವ ಬೆರಳು, ಅಷ್ಟೇ. ಅಂದರೆ ತೋಟಗಾರರೇ ಅದರ ಹೇನು. ಅದಕ್ಕಿಂತ ದೊಡ್ಡ ತಮಾಷೆಯೆಂದರೆ ಗುರುತಿಸುವ ತನಕ ಆ ರೋಗವನ್ನು ಸೌಂದರ್ಯ ಎಂದುಕೊಂಡಿದ್ದರು. ಸೋಂಕಿನಿಂದ ಬಣ್ಣಗೆಟ್ಟ ಗಿಡಗಳಿಗೆ 'ಬ್ರೇಕ್‌ಡಾನ್ಸ್', 'ಲೆಪರ್ಡ್ ಫ್ರಾಗ್', 'ಲೂನಸಿ' ಎಂದು ಹೊಸ ತಳಿಯ ಹೆಸರಿಟ್ಟು ಮಾರಿದರು. ಹದಿನೇಳನೇ ಶತಮಾನದ ಹಾಲೆಂಡಿನಲ್ಲಿ ಜನ ಆಸ್ತಿ ಕೊಟ್ಟು ಕೊಂಡ ಗೆರೆಗೆರೆಯ ಟುಲಿಪ್ ಕೂಡ ವೈರಸ್ ರೋಗಿಯೇ. ಅದು ಅಂಟುವ ರೋಗವೆಂದು ಇಂಗ್ಲೆಂಡಿನ ಡೊರೋಥಿ ಕೇಲೀ ತೋರಿಸಿದ್ದು 1928ರಲ್ಲಿ.

ನಮ್ಮಲ್ಲೂ ಈಗ ಆನ್‌ಲೈನಿನಲ್ಲಿ "ಅಪರೂಪದ ಬಣ್ಣದ ಎಲೆ" ಎಂದು ನೂರಾರು, ಸಾವಿರಾರು ರೂಪಾಯಿಗೆ ಗಿಡ ಮಾರುತ್ತಾರೆ. ನ್ಯಾಯವಾಗಿ ಹೇಳಬೇಕೆಂದರೆ ಕ್ರೋಟನ್, ಮನಿ ಪ್ಲಾಂಟಿನ ಬಣ್ಣ ವಂಶಗುಣದ್ದು, ರೋಗದ್ದಲ್ಲ. ಬಣ್ಣದ ಎಲೆಯೆಲ್ಲ ಕಾಯಿಲೆಯೆಂದು ನಾಳೆಯಿಂದ ಕೀಳಲು ಹೋಗಬೇಡಿ. ಆದರೆ ತಂದಾಗ ಹಸಿರಾಗಿದ್ದ ದಾಸವಾಳ ಆಮೇಲೆ ಹಳದಿ ನರ ಬಿಟ್ಟು, ಎಲೆ ಸುರುಟಿಕೊಂಡರೆ ಅದು ಅಲಂಕಾರವಲ್ಲ. ಅದರ ಗೆಲ್ಲು ಯಾರಿಗೂ ಕೊಡಬೇಡಿ.

ತುಳಸಿ ಹಬ್ಬದ ಮರುದಿನ ತೊಡೂರಿಗೆ ಹೋದೆ. ದೊಡ್ಡಮ್ಮನ ಹಿತ್ತಲಲ್ಲಿ ಐದು ಬುಡ ಬಾಳೆ. ಎರಡರಲ್ಲಿ ರೋಗ ಎದ್ದು ಕಾಣುತ್ತಿತ್ತು. ಕಿತ್ತುಹಾಕಬೇಕು ಎಂದೆ. ಅವಳು ನನ್ನ ಮುಖ ನೋಡಿದಳು.

"ಇದು ಅರ್ಗಾದ ಬಾಳೆ."

ಅಷ್ಟೇ ಹೇಳಿದ್ದು. ಅರ್ಗಾ ಗೊತ್ತಿಲ್ಲದವರಿಗೆ: 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಕಾರವಾರ, ಅಂಕೋಲೆ ತಾಲೂಕುಗಳ ಕಡಲಂಚಿನ ಊರುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೇವರು ಬಿಟ್ಟು ಏಳಬೇಕಾಯಿತು. ದೊಡ್ಡಮ್ಮ ಮದುವೆಯಾಗಿ ಹೋದ ಮನೆ ಅರ್ಗಾದಲ್ಲಿತ್ತು. ಏಳುವಾಗ ಅತ್ತೆ ತಲೆಯ ಮೇಲೆ ಹೊತ್ತು ತಂದದ್ದು ದೇವರ ಮಣೆ ಮತ್ತು ಬಾಳೆ ಕಂದು. ತೆಂಗಿನ ಮರ ಹೊರಲಾಗುವುದಿಲ್ಲ, ಮಾವಿನ ಮರ ಹೊರಲಾಗುವುದಿಲ್ಲ. ಕಂದನ್ನು ಹೊರಬಹುದು. ಪುನರ್ವಸತಿ ಕಾಲೋನಿಯ ಅಳತೆಯ ಸೈಟಿನಲ್ಲಿ ಅರ್ಗಾ ಎಂದು ಉಳಿದಿರುವುದು ಆ ಐದು ಬುಡ. ಅದನ್ನು ಕೀಳು ಎಂದು ಹೇಳಲು ಚಪ್ಪಲಿ ಕಳಚಿಟ್ಟು ನಿಂತವಳು, ವೈರಸ್ ಮೇಲೆ ಪಿಎಚ್‌ಡಿ ಮಾಡುತ್ತಿರುವ ತಂಗಿಯ ಮಗಳು.

ಇಲ್ಲಿಗೆ ಬಂದಾಗ ನನ್ನ ವಾದ ಸ್ವಲ್ಪ ತೊದಲುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ. ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕೊಡದೆ ಇದ್ದಿದ್ದರೆ ಅರ್ಗಾದ ಬಾಳೆ ಎಂದೋ ಹೋಗಿರುತ್ತಿತ್ತು. ಹತ್ತು ಮನೆಯಲ್ಲಿ ಇದ್ದದ್ದು ಒಂದು ಮನೆಯಲ್ಲಿ ಸತ್ತರೂ ಉಳಿಯುತ್ತದೆ; ಒಂದೇ ಮನೆಯಲ್ಲಿ ಇದ್ದದ್ದು ಒಂದು ಮಳೆಗಾಲಕ್ಕೆ ಮುಗಿಯುತ್ತದೆ. ಹಾಗಾಗಿಯೇ ನೋಡಿ ಕೊಡಬೇಕು ಎನ್ನುತ್ತೇನೆ. ಆ ಬುಡದ ಯಾವುದೇ ಒಂದು ಗಿಡದಲ್ಲಿ ಲಕ್ಷಣ ಇದ್ದರೂ ಉಳಿದ ಯಾವ ಕಂದನ್ನೂ ಕೊಡಬಾರದು, ಗಡ್ಡೆ ಒಂದೇ ತಾನೆ. ತಂದದ್ದನ್ನು ಹಳೆಯ ಹಿಂಡಿನ ಮಗ್ಗುಲಲ್ಲೇ ನೆಡದೆ ದೂರದಲ್ಲಿ ನೆಟ್ಟು ಮೂರು-ನಾಲ್ಕು ತಿಂಗಳು ಕಾಯಬೇಕು. ರೋಗ ಕಂಡರೆ ಮೊದಲು ಹೇನು ಸಾಯಿಸಿ ಆಮೇಲೆ ಕೀಳಬೇಕು. ಸುಮ್ಮನೆ ಕಡಿದು ಬೇಲಿಯಾಚೆ ಎಸೆದರೆ ಹೇನೆಲ್ಲ ಎದ್ದು ಪಕ್ಕದ ಮನೆಗೆ ಹೋಗುತ್ತವೆ. ಗಡ್ಡೆಯನ್ನು ಪೂರ್ತಿ ಅಗೆದು, ಕೊಚ್ಚಿ, ಒಣಗಿಸಬೇಕು. ಇದಕ್ಕೆ ಪಿಎಚ್‌ಡಿ ಬೇಡ.

ಆದರೆ ಕೀಳು ಎನ್ನುವವರಿಗೂ ಒಂದು ಹೊಣೆ ಇದೆ, ನಾವು ಅದನ್ನು ಹೊರುತ್ತಿಲ್ಲ. ವೈರಸ್ ಬಂದ ಬಾಳೆಯ ತಳಿಯನ್ನು ಉಳಿಸಲು ಸಾಧ್ಯ. ಚಿಗುರಿನ ತುತ್ತತುದಿಯಲ್ಲಿ, ಸೂಜಿಮೊನೆಯಷ್ಟು ಭಾಗದಲ್ಲಿ, ವೈರಸ್ ಒಮ್ಮೊಮ್ಮೆ ತಲುಪಿರುವುದಿಲ್ಲ. ಅದನ್ನು ಬಿಡಿಸಿ ಅಂಗಾಂಶ ಕೃಷಿಯಲ್ಲಿ ಬೆಳೆಸಿ, ಪರೀಕ್ಷಿಸಿ, ರೋಗವಿಲ್ಲದ ಅದೇ ತಳಿಯ ಗಿಡ ಕೊಡಬಹುದು. ತಿರುಚಿರಾಪಳ್ಳಿಯಲ್ಲಿ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರ ಇದೆ. ಅಂಗಾಂಶ ಕೃಷಿಯ ಗಿಡಗಳಿಗೆ ವೈರಸ್ ಪರೀಕ್ಷೆ ಮಾಡಿ ಪ್ರಮಾಣೀಕರಿಸುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2006ರಲ್ಲೇ ತಂದಿದೆ. ವಿದ್ಯೆ ಇದೆ, ಯಂತ್ರ ಇದೆ. ಅದೆಲ್ಲ ದುಡಿಯುವುದು ಹೆಚ್ಚಾಗಿ ಜಿ-9 ಎಂಬ ಒಂದು ತಳಿಗೆ. ದೊಡ್ಡಮ್ಮನ ಐದು ಬುಡ ಕಿತ್ತು, ಅದರ ಜಾಗಕ್ಕೆ ಜಿ-9 ನೆಡಿ ಎಂದರೆ ಅದು ರೋಗ ನಿಯಂತ್ರಣವೂ ಹೌದು, ಎರಡನೇ ಸಲ ಒಕ್ಕಲೆಬ್ಬಿಸುವುದೂ ಹೌದು. ಅಂಕೋಲೆಯ ಕರಿ ಈಶಾಡ ಮಾವಿಗೆ 2023ರಲ್ಲಿ ಜಿಐ ಮಾನ್ಯತೆ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. ಹಿತ್ತಲಿನ ಬಾಳೆಗೆ ಮಾನ್ಯತೆ ಬೇಡ, ಒಂದು ಪರೀಕ್ಷೆ ಸಾಕು. ಜಿಲ್ಲೆಗೊಂದು ಕಡೆ, ಶಿರಸಿಯಲ್ಲೋ ಅಂಕೋಲೆಯಲ್ಲೋ, ಜನ ಎಲೆ ತಂದುಕೊಟ್ಟರೆ ನೋಡಿ ಹೇಳುವ ಒಂದು ಮೇಜು. ಜೋಯಿಡಾದಲ್ಲಿ ಪ್ರತಿವರ್ಷ ಗಡ್ಡೆಗೆಣಸಿನ ಮೇಳ ನಡೆಯುತ್ತದೆ. ಅಂಥ ಮೇಳಗಳಲ್ಲಿ ತಳಿಗಳ ಬಗ್ಗೆ ಭಾಷಣ ಮಾಡುವ ನಾವು ಅಲ್ಲೇ ಮೂಲೆಯಲ್ಲಿ ಆ ಮೇಜು ಹಾಕಿ ಕೂರಬಹುದು.

ತಡ ಮಾಡುವ ಹಾಗೂ ಇಲ್ಲ. ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣಕ್ಕೆಂದು ಜಾಗ ತೆಗೆದುಕೊಂಡಿದ್ದಾರೆ. ಏಳುವವರು ಏಳುವಾಗ ಏನನ್ನು ಹೊರುತ್ತಾರೆ ಎಂದು ನಮಗೆ ಗೊತ್ತು. ಒಂದು ಊರಿನ ಹಿತ್ತಲುಗಳು ಹತ್ತು ಕಡೆ ಹಂಚಿಹೋಗುವಾಗ ಅವುಗಳ ಜೊತೆ ಹೋಗುವುದು ಏನೇನು ಎಂದು ನೋಡುವವರು ಯಾರೂ ಇರುವುದಿಲ್ಲ.

ನಮ್ಮ ಮನೆಯ ಹಿಂಡನ್ನು ಮರುವಾರ ತೆಗೆದೆವು. ಮೊದಲ ದಿನ ಸುಳಿಗೆ ಸೀಮೆಎಣ್ಣೆ ಹೊಯ್ದು, ಎರಡು ದಿನ ಬಿಟ್ಟು ಅಗೆದದ್ದು. ಗಡ್ಡೆ ಇಷ್ಟು ದೊಡ್ಡದಿರಬಹುದೆಂದು ಅಪ್ಪನಿಗೂ ಗೊತ್ತಿರಲಿಲ್ಲ. ಹಾರೆ ಎರಡು ಸಲ ಹಿಡಿ ಬಿಟ್ಟಿತು. ಅಮ್ಮ ಹೊರಗೆ ಬರಲಿಲ್ಲ. ಈಗ ಬಚ್ಚಲ ನೀರು ಹೋಗುವಲ್ಲಿ ಕೆಸರು ನಿಂತಿದೆ.

ದೊಡ್ಡಮ್ಮ ಎರಡು ಬುಡ ಕೀಳಲು ಒಪ್ಪಿದಳು, ಮೂರನ್ನು ಮುಟ್ಟಗೊಡಲಿಲ್ಲ. ಆ ಮೂರರ ಎಲೆಯ ತುಂಡುಗಳನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ, ಮೇಲೆ ನಂಬರು ಬರೆದು ಧಾರವಾಡಕ್ಕೆ ತಂದಿದ್ದೇನೆ. ಪಿಸಿಆರ್ ಯಂತ್ರ ಕೆಟ್ಟು ಕೂತಿದೆ, ಬಿಡಿಭಾಗ ಬರಬೇಕು. ಅವಳು ಭಾನುವಾರ ಭಾನುವಾರ ಫೋನ್ ಮಾಡುತ್ತಾಳೆ. ಊಟ ಆಯಿತೇ, ಮದುವೆಯ ವಿಚಾರ ಏನು ಎಂದೆಲ್ಲ ಕೇಳಿ, ಕೊನೆಗೆ ದನಿ ತಗ್ಗಿಸಿ, "ಮೂರನೇ ನಂಬರಿಂದು ಎಂತಾಯ್ತೆ?" ಎನ್ನುತ್ತಾಳೆ. ಅದೊಂದು ಗೊನೆ ಹಾಕಿದೆಯಂತೆ.